ರೆಕ್ಕೆಯ ಕಿಂಡಿಯೊಳಗೆ ನನ್ನ ಕೈ

ಇವತ್ತು ಇಂದಿರಾಪುರಂನ ನಮ್ಮ ಫ್ಲ್ಯಾಟಿನಲ್ಲಿ ಮಗಳು ನೇಲ್ ಪಾಲಿಶ್ ತೆರೆದಳು. ಅದೇ ವಾಸನೆ! ಅಪ್ಪ ತಮ್ಮ ಹಳೆಯ ಎರಡು ಸೀಟಿನ ವಿಮಾನದ ಬಟ್ಟೆಯ ರೆಕ್ಕೆಗಳು ಬಿಗಿಯಾಗಲೆಂದು ಬಳಿಯುತ್ತಿದ್ದ ಡೋಪ್ ಎಂಬ ವಾರ್ನಿಷಿನ ವಾಸನೆ.

ನಾನು ಚಿಕ್ಕವಳಿದ್ದಾಗ ಭಾನುವಾರವೆಂದರೆ ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ರಿಪೇರಿ. ರೆಕ್ಕೆಯಡಿಯ ಕಿಂಡಿಯಲ್ಲಿ ನನ್ನ ಪುಟ್ಟ ಕೈ ಮಾತ್ರ ತೂರುತ್ತಿತ್ತು. ಒಳಗಿನ ಮರವನ್ನು ಉಗುರಿನಿಂದ ಒತ್ತಿ ನೋಡುವುದು ನನ್ನ ಕೆಲಸ.

“ಗಟ್ಟಿ ಇದೆಯೇನೇ ಪುಟ್ಟಿ?”

“ಗಟ್ಟಿ ಇದೆ ಅಪ್ಪ.”

ಒಂದು ಭಾನುವಾರ ಉಗುರು ಒಳಗಿಳಿಯಿತು. “ಮೆತ್ತಗಿದೆ,” ಎಂದುಬಿಟ್ಟೆ. ಅಪ್ಪ ಬ್ರಷ್ ಕೆಳಗಿಟ್ಟರು. ಕೊಳೆತದ್ದರ ಬದಲಿಗೆ ಹಾಕಲು ಅಂಥ ಮರ ಎಲ್ಲೂ ಸಿಗಲಿಲ್ಲ. ವಿಮಾನ ಮತ್ತೆ ಹಾರಲಿಲ್ಲ. ಕೊನೆಗೆ ಗುಜರಿ ಕೊಳ್ಳುವ ಕಬಾಡಿಯವನು ಬಿಚ್ಚಿ ಒಯ್ದ.

ಅಪ್ಪನಿಗೆ ಈಗ ಅದ್ಯಾವುದೂ ನೆನಪಿಲ್ಲ. ಇವತ್ತು ವಾಸನೆ ಬಡಿದದ್ದೇ ಕೋಣೆಯಿಂದ ಕೂಗಿದರು: “ಗಟ್ಟಿ ಇದೆಯೇನೇ ಪುಟ್ಟಿ?”

ನಿಜ ಹೇಳಲು ಬಾಯಿ ಬರಲಿಲ್ಲ. “ಗಟ್ಟಿ ಇದೆ ಅಪ್ಪ,” ಎಂದೆ.

“ಅಚ್ಛಾ, ಚಲೋ. ಹಾರೋಣ,” ಎಂದವರು ಆಗಿನಿಂದ ಶೂ ಹುಡುಕುತ್ತಿದ್ದಾರೆ.