ಮೂಗಪ್ಪನ ಮೂಗಿಗೆ ಸಿಕ್ಕ ಗೌನು

ನನ್ನ ಪಕ್ಕದ ಅಂಗಡಿಯ ಹಳೆಬಟ್ಟೆ ವ್ಯಾಪಾರಿಯನ್ನು ಬೀದಿಯವರೆಲ್ಲ ಮೂಗಪ್ಪ ಎನ್ನುತ್ತಾರೆ. ಯಾವ ಉಡುಪು ಕೊಟ್ಟರೂ ಮೂಸಿಯೇ ವಯಸ್ಸು ಹೇಳುವುದು ಅವನ ಜೀವಮಾನದ ಸಾಧನೆ. ಹೊಲಿಗೆ ನೋಡುವುದು ಅವನ ಅಂತಸ್ತಿಗೆ ಕಡಿಮೆ.

ಮೊನ್ನೆ ಒಬ್ಬ ಹುಡುಗಿ ಬಿಳಿ ಗೌನು ತಂದಳು. "ಅಜ್ಜಿ ಮದುವೇಲಿ ಹಾಕಿದ್ದಂತೆ ಅಂಕಲ್. ನನ್ನ ಮದುವೆಗೂ ಇದೇ ಬೇಕು. ಚಿಕ್ಕಮ್ಮ ಮಾತ್ರ ಸುಳ್ಳು ಅಂತಾರೆ."

ಮೂಗಪ್ಪ ಕಣ್ಣು ಮುಚ್ಚಿ ಮೂಸಿದ. "ಅರವತ್ತು ವರ್ಷ ಕಣಮ್ಮ. ದೊಡ್ಡ ಡಿಸೈನರ್ ಕೈಯಾರೆ ಹೊಲಿದದ್ದು."

ಅಲ್ಲೇ ಹರಟೆಗೆ ಕೂತಿದ್ದ ನಾನು ಗೌನಿನ ಒಳಮೈ ತಿರುಗಿಸಿದೆ. ಪಕ್ಕದ ಹೊಲಿಗೆಯಲ್ಲಿದ್ದ ಚೀಟಿಯಲ್ಲಿ ಕಂಪನಿಯ ವೆಬ್‌ಸೈಟ್ ವಿಳಾಸವಿತ್ತು. "ಅಜ್ಜಿ ಮದುವೆ ಹೊತ್ತಿಗೆ ಇಂಟರ್ನೆಟ್ ಬಂದಿತ್ತೇನಯ್ಯಾ?"

ಮೂಗಪ್ಪ ಮತ್ತೊಮ್ಮೆ ಮೂಸಿದ. "ದೊಡ್ಡ ಡಿಸೈನರ್ ಅಂದ್ರೆ ಹಾಗೇ, ಮುಂದಾಲೋಚನೆ ಜಾಸ್ತಿ."

ಹುಡುಗಿ ಗೌನು ಕಿತ್ತುಕೊಂಡಳು. "ಈಗ ಚಿಕ್ಕಮ್ಮಂಗೆ ಏನ್ ಹೇಳ್ಲಿ?"

"ಅಂಕಲ್‌ಗೆ ನೆಗಡಿ ಆಗಿತ್ತು ಅನ್ನಮ್ಮ" ಎಂದೆ.