ಕುಣಿಗಲ್ ಮೀಟಿಂಗಿನಲ್ಲಿ ಟೀ ಕೊಡುತ್ತಿದ್ದವರು

ಅವರು ಯಾರಿಗೂ ಲೋಟದ ತುಂಬ ಟೀ ಕೊಡುತ್ತಿರಲಿಲ್ಲ, ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಕುಡಿತ ಬಿಡಲು ಹೊಸದಾಗಿ ಬಂದವರ ಕೈ ನಡುಗಿ ಟೀ ಚೆಲ್ಲಬಾರದೆಂದು ಹಾಗೆ. “ಇನ್ನರ್ಧ ಆಮೇಲೆ,” ಎನ್ನುತ್ತಿದ್ದರು.

ನಮ್ಮೂರು ತುಮಕೂರಿನಲ್ಲಾದರೆ ಗುರುತಿನವರು ನೋಡಿಯಾರೆಂದು ನಾನು ಅಪ್ಪನನ್ನು ಪ್ರತಿ ಭಾನುವಾರ ಕುಣಿಗಲ್ಲಿನ ಮೀಟಿಂಗಿಗೆ ಕರೆದೊಯ್ಯುತ್ತಿದ್ದೆ. ಅದು ನಡೆಯುತ್ತಿದ್ದುದು ಒಂದು ಶಾಲೆಯಲ್ಲಿ. ನಾಲ್ಕನೇ ವಾರ ಅಪ್ಪ ಗೇಟಿನಲ್ಲೇ ನಿಂತುಬಿಟ್ಟರು. ಟೀಯವರು ಹೊರಗೆ ಬಂದು ಪಕ್ಕದಲ್ಲಿ ನಿಂತರು.

“ಒಳಿಕ್ ಬರ್ದಿದ್ರೆ ಬುಡಿ ಸಾ. ನಾನೂ ಮೂರು ವಾರ ಈ ಗೇಟ್ ಕಾದವ್ನೇಯ. ಸಂಬ್ಳ ಮಾತ್ರ ಯಾರೂ ಕೊಡ್ಲಿಲ್ಲ.”

ಎಷ್ಟೋ ತಿಂಗಳ ಮೇಲೆ ಅವತ್ತು ಅಪ್ಪ ನಕ್ಕರು. ಇಬ್ಬರೂ ಒಟ್ಟಿಗೆ ಒಳಗೆ ಹೋದರು.

ಅಪ್ಪ ಕುಡಿತ ಬಿಟ್ಟು ವರ್ಷವಾಗುವ ಹೊತ್ತಿಗೆ ಟೀಯವರು ಬರುವುದು ನಿಂತಿತು. ಅಲ್ಲಿ ಯಾರೂ ಯಾರ ಊರು, ಮನೆ ಕೇಳುವುದಿಲ್ಲ. ಹುಡುಕಲು ನಮ್ಮಲ್ಲಿ ವಿಳಾಸವಿರಲಿಲ್ಲ. ಐದನೇ ಭಾನುವಾರವೂ ಬೇರೆಯವರೇ ಟೀ ಕೊಟ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ, “ಗುಬ್ಬಿ ಮೀಟಿಂಗಿಗೂ ಹೋಗ್ತೀನಿ ಅಂದಿದ್ರು ಕಣಮ್ಮ,” ಎಂದು ಕಿಟಕಿಯ ಕಡೆ ತಿರುಗಿದರು.

ಮರುದಿನ ಬೆಳಿಗ್ಗೆ ನಾನು ಗುಬ್ಬಿಯಲ್ಲಿ ಇಳಿದು, ಕುಡಿತ ಬಿಡುವವರ ಮೀಟಿಂಗ್ ಎಲ್ಲಿ ನಡೆಯುತ್ತದೆಂದು ಆಟೊ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಕೇಳಿಸುವಂತೆ ಕೇಳಿದೆ.