ಚೆಂಬಿನಲ್ಲಿದ್ದ ಮರಿಗಳು

ಮೀನಿನ ಮೇಲೆ ನನಗೆ ಸಿಟ್ಟು ಬಂದದ್ದು ಜೀವನದಲ್ಲಿ ಒಂದೇ ಸಲ. ಅದೂ ಕಿರುಬೆರಳಿನಷ್ಟೂ ಉದ್ದವಿಲ್ಲದ ಒಂದು ಮೀನಿನ ಮೇಲೆ.

ಅರುವತ್ತರ ದಶಕದ ಮಾತು. ಮೂಡುಬಿದಿರೆಯಲ್ಲಿ ನಾವು ಬಾಡಿಗೆಗಿದ್ದ ಮನೆ ಒಬ್ಬ ಜೈನ ಅಮ್ಮನದು. ಗಂಡನನ್ನು ಕಳೆದುಕೊಂಡವರು. ಮನೆಯ ಅರ್ಧದಲ್ಲಿ ಅವರೊಬ್ಬರೇ, ಉಳಿದರ್ಧದಲ್ಲಿ ನಾವಿಬ್ಬರು. ಹಿಂದಿನ ಜಗಲಿ ಮತ್ತು ಬಾವಿ ಇಬ್ಬರಿಗೂ ಸೇರಿದ್ದು. ನನ್ನ ಗಂಡ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಏಜೆಂಟ್. ನಾವೋ ಮೀನು ತಿನ್ನುವ ಜನ. ಅದಕ್ಕೆ ಮುಂಚೆ ಬಂಟ್ವಾಳದಲ್ಲಿದ್ದಾಗ ಒಣಮೀನು ಸುಟ್ಟ ವಾಸನೆಗೆ ಮನೆಯ ಯಜಮಾನರು ಮೂಗು ಮುಚ್ಚಿಕೊಂಡು ಬಂದು ಮನೆ ಬಿಡಿಸಿದ್ದರು. ಇಲ್ಲಿ ಮೀನು ಹೊಸ್ತಿಲು ದಾಟುವುದಿಲ್ಲ ಎಂದು ಮಾತು ಕೊಟ್ಟೇ ಸೇರಿದ್ದೆವು. ನಾನು ಚೊಚ್ಚಲ ಬಸುರಿ. ತವರಿನಲ್ಲಿ ಹೆತ್ತ ತಾಯಿ ತೀರಿಹೋಗಿ, ಮನೆಗೆ ಬೀಗ ಬಿದ್ದು, ಹೆರಿಗೆಗೆ ಹೋಗೋಣವೆಂದರೆ ಜಾಗವಿರಲಿಲ್ಲ. ಏನಿದ್ದರೂ ಈ ಮನೆಯಲ್ಲೇ ಆಗಬೇಕು.

ಅಂಥ ಹೊತ್ತಿಗೆ ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದ ನನ್ನ ಅಣ್ಣ ಊರಿಗೆ ಬಂದ. ಒಂದು ಗಾಜಿನ ಪೆಟ್ಟಿಗೆ, ಬಿಸ್ಕೆಟ್ ಡಬ್ಬಿಯ ನೀರಿನಲ್ಲಿ ನಾಲ್ಕು ಪುಟ್ಟ ಮೀನು ತಂದಿದ್ದ; ಮೂರಕ್ಕೆ ಬಣ್ಣದ ಬಾಲ. ಗಪ್ಪಿ ಅಂತೆ. "ತಿನ್ಲಿಕ್ಕೆ ಬಿಡದ ಮನೆಯಲ್ಲಿ ನೋಡ್ಲಿಕ್ಕಾದ್ರೂ ಇರಲಿ" ಎಂದು ನಕ್ಕ. ನನಗೆ ಮೈಯೆಲ್ಲ ಉರಿಯಿತು. ಇವನಿಗೆ ತಮಾಷೆ, ನನ್ನ ತಲೆಯ ಮೇಲಿನ ಮಾಡು ಹೋದರೆ?

ಮನೆಯೊಡತಿ ಅಮ್ಮ ಬಂದು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. ಆಮೇಲೆ ಹೇಳಿದರು: "ಸಾಕ್ಲಿಕ್ಕೆ ಅಂತಾದ್ರೆ ಇರಲಿ. ಆದ್ರೆ ನೋಡು ಮಗಾ, ನನ್ನ ಮನೆಯಲ್ಲಿ ಜೀವಹಿಂಸೆ ಆಗ್ಲಿಕ್ಕಿಲ್ಲ. ಇವುಗಳಲ್ಲಿ ಒಂದು ಸತ್ರೂ ನೀವು ಬೇರೆ ಮನೆ ನೋಡಬೇಕಾದೀತು."

ಅವರು ಬಾಯಿಮಾತಿಗೆ ಹೇಳುವವರಲ್ಲ. ಬಾವಿಯಿಂದ ಸೇದಿದ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸದೆ ಅವರು ಕಾಲು ಕೂಡ ತೊಳೆಯುತ್ತಿರಲಿಲ್ಲ. ಸೋಸಿಯಾದ ಮೇಲೆ ಬಟ್ಟೆಯನ್ನು ಮಗುಚಿ, ಅದರಲ್ಲಿ ಉಳಿದ ಕಣ್ಣಿಗೆ ಕಾಣುವ, ಕಾಣದ ಹುಳುಹುಪ್ಪಟೆಯನ್ನೆಲ್ಲ ಒಂದು ಸಣ್ಣ ಕೊಡಪಾನಕ್ಕೆ ತೊಳೆದು, ಅದನ್ನು ಬಾವಿಗೆ ಇಳಿಸುತ್ತಿದ್ದರು. ಮೇಲಿಂದ ಸುರಿಯುವಂತಿಲ್ಲ, ಅವಕ್ಕೆ ಪೆಟ್ಟಾಗುತ್ತದೆ. ಕೊಡಪಾನದ ತಳಕ್ಕೂ ಒಂದು ಬಳೆ, ಬಳೆಗೆ ಸಪೂರ ಹಗ್ಗ. ನೀರು ಮುಟ್ಟಿದ ಮೇಲೆ ಆ ಹಗ್ಗ ಎಳೆದು ಮೆಲ್ಲಗೆ ಮಗುಚುವುದು. ಎಲ್ಲಿಂದ ಬಂದ ಜೀವವೋ ಅಲ್ಲಿಗೇ ಬಿಡಬೇಕು ಎನ್ನುತ್ತಿದ್ದರು.

ಗಂಡ ಗುರುವಾಯನಕೆರೆಯ ಕಡೆ ಹೋದಾಗ ಕೆರೆಯಿಂದ ಒದ್ದೆ ಗೋಣಿಯಲ್ಲಿ ನೀರಿನ ಗಿಡ ತಂದರು. ಪೆಟ್ಟಿಗೆಯ ತಳಕ್ಕೆ ಹೊಳೆಯ ಮರಳು ಹಾಕಿ ನೆಟ್ಟೆ. ಕಿಟಕಿಯ ಬಿಸಿಲಿಗೆ ಗಿಡ ದಟ್ಟವಾಗಿ ಬೆಳೆಯಿತು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಅಮ್ಮ, ಊಟವಾದ ಮೇಲೆ ದಿನವೂ ಬಂದು ಮೀನು ನೋಡಿಕೊಂಡು ಕೂರುವರು. ನಾನೂ ಕೂರುವೆ. ಸುಳ್ಳು ಯಾಕೆ ಹೇಳಲಿ, ಚಂದವೇ ಇತ್ತು.

ಆಮೇಲೆ ಒಂದು ಮೀನಿಗೆ ಹೊಟ್ಟೆ ಉಬ್ಬತೊಡಗಿತು. ಬಣ್ಣವಿಲ್ಲದ, ದಪ್ಪನೆಯದು. ಏನೋ ರೋಗ ಬಡಿಯಿತು, ಇನ್ನು ಸಾಯುತ್ತದೆ ಎಂದು ಹೆದರಿದೆ. ಅಮ್ಮ ಕೇಳಿದ್ದಕ್ಕೆ "ಜಾಸ್ತಿ ತಿಂದಿದೆ ಅಮ್ಮ" ಎಂದು ಹಲ್ಲು ಕಿರಿದೆ. ನಾನೇ ಒಂದು ಹೊಟ್ಟೆ ಹೊತ್ತು ಓಡಾಡುತ್ತಿದ್ದೆ. ಆದರೂ ಅದು ಬಸುರಿ ಎಂದು ಹೊಳೆಯಲಿಲ್ಲ ನೋಡಿ! ಮೀನು ಮೊಟ್ಟೆ ಇಡುತ್ತದೆ ಎಂದೇ ಅಲ್ಲವೇ ನಮಗೆ ಗೊತ್ತಿದ್ದದ್ದು?

ಒಂದು ಸಂಜೆ ಗಿಡದ ಎಡೆಯಲ್ಲಿ ಏನೋ ಮಿಸುಕಿತು. ಸೊಳ್ಳೆಯ ಹುಳ ಇರಬೇಕೆಂದು ಬಗ್ಗಿದೆ. ಹುಳಕ್ಕೆ ಎರಡು ಕಪ್ಪು ಕಣ್ಣು! ಮರಿಗಳು, ತುಂಬ ಮರಿಗಳು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ನೋಡುತ್ತಿದ್ದಂತೆ ಒಂದು ಮರಿ ಗಿಡ ಬಿಟ್ಟು ಹೊರಗೆ ಬಂತು. ತಾಯಿ ತಿರುಗಿತು, ಬಾಯಿ ತೆರೆಯಿತು. ಮರಿ ಇಲ್ಲ.

"ಅಯ್ಯೋ ಪಾಪಿ!" ಎಂದು ಕೂಗಿಯೇಬಿಟ್ಟೆ. ಇನ್ನೊಂದನ್ನೂ ನುಂಗಿತು. ಹೆತ್ತದ್ದನ್ನೇ ತಿನ್ನುವುದೆಂದರೆ ಎಂಥ ಹೆಂಗಸು ಇವಳು! ಸಿಟ್ಟು, ಹೇಸಿಗೆ, ಅದರ ಮೇಲೆ ಅಮ್ಮ ಬರುವ ಹೊತ್ತು ಬೇರೆ. ಅವರು ಕೂತು ನೋಡುವಾಗ ಅವರ ಕಣ್ಣೆದುರೇ ಇದಾದರೆ ನಮ್ಮ ಕಥೆ ಮುಗಿಯಿತು. ಸೌಟಿನಿಂದ ಸಿಕ್ಕಿದಷ್ಟು ಮರಿಗಳನ್ನು ಚೆಂಬಿಗೆ ತುಂಬಿದೆ. ಅಷ್ಟರಲ್ಲಿ ಎದುರು ಬಾಗಿಲಲ್ಲಿ ಅವರ ದನಿ. ಚೆಂಬನ್ನು ಹಿಂದಿನ ಜಗಲಿಯಲ್ಲಿಟ್ಟು ಓಡಿಬಂದೆ.

"ಹೊಟ್ಟೆ ಇಳಿದಿದೆಯಲ್ಲ ಇದರದ್ದು?" ಎಂದರು ಅಮ್ಮ.

"ಹೌದಮ್ಮ, ಗುಣ ಆಯ್ತು ಕಾಣ್ತದೆ." ಗಿಡದಲ್ಲಿ ಅಡಗಿದ ಇನ್ನೊಂದು ಮರಿ ಈಗ ಹೊರಗೆ ಬಂದರೆ? ದೇವರು ದೊಡ್ಡವನು, ಬರಲಿಲ್ಲ. ಅವರು ಎದ್ದು ಹಿಂದಿನ ಜಗಲಿಯ ದಾರಿಯಾಗಿ ತಮ್ಮ ಮನೆಗೆ ಹೋದರು. ನಾನು ಅಲ್ಲೇ ಕೂತು ಉಸಿರು ಬಿಟ್ಟೆ. ಕೂತಲ್ಲಿಂದ ಏಳಲು ಆಗ ನನಗೆ ಸಾಕಷ್ಟು ಹೊತ್ತು ಬೇಕಿತ್ತು.

ಜಗಲಿಗೆ ಹೋಗಿ ನೋಡಿದರೆ ಕೆಲಸ ಮುಗಿಸಿ ಬಂದ ಗಂಡ ಅದೇ ಚೆಂಬನ್ನು ಎತ್ತಿ ಗಟಗಟ ಕುಡಿಯುತ್ತಿದ್ದಾರೆ.

"ಎಂತ ಸಾವು ಮಾರಾಯ್ರೇ! ಅದರಲ್ಲಿ ಮೀನಿನ ಮರಿ ಉಂಟು!"

ಅವರ ಮುಖ ಸುಣ್ಣದ ಹಾಗಾಯಿತು. "ನೀರು ಚೊಕ್ಕ ಇತ್ತಲ್ಲ ಮಾರಾಯ್ತಿ" ಎಂದು ತೊದಲಿದರು. ಚೆಂಬು ಕಿತ್ತುಕೊಂಡು ನೋಡಿದೆ. ಉಳಿದ ನೀರು ನಿಜಕ್ಕೂ ಚೊಕ್ಕ. ಗಿಡದ ಒಂದು ಎಲೆಚೂರೂ ಇಲ್ಲ. ಸೋಸಿದ ನೀರು. ಸೋಸುವವರು ನಮ್ಮ ಹಿತ್ತಲಲ್ಲಿ ಒಬ್ಬರೇ.

ಅಂದರೆ ಅಮ್ಮ ಕಂಡಿದ್ದಾರೆ. ಮರಿಗಳು ಏನಾದವು ಎಂದು ಕೇಳುವ ಹಾಗಿಲ್ಲ; ಕೇಳಿದರೆ ಯಾಕೆ ಬೇರೆ ಮಾಡಿದೆ ಎಂದು ಹೇಳಬೇಕು, ಹೇಳಿದರೆ ಮನೆ ಹೋಗುತ್ತದೆ. ಮರುದಿನದಿಂದ ಅವರು ಮೀನು ನೋಡಲು ಬರುವುದನ್ನೇ ಬಿಟ್ಟರು. ಬಾವಿಕಟ್ಟೆಯಲ್ಲಿ ಎದುರಾದರೆ ಮುಖ ತಿರುಗಿಸುವರು. ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ಕಾದು ಕಾದು ನನಗೆ ಅನ್ನ ಇಳಿಯಲಿಲ್ಲ. ಹೇಳಿ ಮುಗಿಸಬಾರದೇ, ಹೀಗೆ ಅರೆಯುವುದು ಯಾಕೆ ಎಂದು ಒಳಗೊಳಗೇ ಬೈದೆ. ಗಂಡ ಶಿರ್ತಾಡಿಯಲ್ಲಿ ಒಂದು ಕೋಣೆ ನೋಡಿ ಬಂದರು. ಪಕ್ಕದಲ್ಲೇ ದನದ ಹಟ್ಟಿ, ಮಳೆ ಬಂದರೆ ಸೋರುತ್ತದೆ. "ಹೆರಿಗೆ ಅಲ್ಲಿ ಹೇಗೆ?" ಎಂದೆ.

ದಿನ ತುಂಬುತ್ತಾ ಬಂದಾಗ ಒಂದು ಬೆಳಿಗ್ಗೆ ಅಮ್ಮ ಬಾವಿಕಟ್ಟೆಯಿಂದ ನನ್ನನ್ನು ಕರೆದರು. ಹೇಳುವ ಹೊತ್ತು ಬಂತು ಎಂದುಕೊಂಡೇ ಹೋದೆ. ಅವರ ಕೈಯ ಒದ್ದೆ ಬಟ್ಟೆಯಲ್ಲಿ ಒಂದು ಪುಟ್ಟ ಮೀನು ಹೊಳೆಯುತ್ತಿತ್ತು, ಬಾಲದಲ್ಲಿ ಕಿತ್ತಳೆ ಬಣ್ಣ. ಅವರ ಕಣ್ಣು ತುಂಬಿತ್ತು.

"ನಿನ್ನ ಮೀನಿಂದೇ ಅಲ್ವಾ? ಆ ಚೆಂಬು ಕಂಡಾಗ ನೀನು ಸೋಸದ ನೀರು ಕುಡೀತಿ ಅಂತ ನಾನೇ ಸೋಸಿದೆ. ಬಾವಿಯ ಜೀವ ಅಂತ ಬಾವಿಗೇ ಬಿಟ್ಟೆ. ಬಿಟ್ಟ ಮೇಲೆ ತಲೆಗೆ ಹೋಯ್ತು, ಬಾವಿಯಲ್ಲಿ ಮೀನು ಎಲ್ಲಿಂದ ಅಂತ. ತಾಯಿಯಿಂದ ಮರಿ ಬಿಡಿಸಿದೆ ಮಗಾ. ಬಸುರಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ? ನಿನ್ನ ಮುಖ ನೋಡ್ಲಿಕ್ಕೆ ಆಗ್ಲಿಲ್ಲ ನನಗೆ."

ಬಾಯಿ ಮುಚ್ಚಿಕೊಂಡಿದ್ದರೆ ಮನೆ ಉಳಿಯುತ್ತಿತ್ತು. ಆದರೆ ಆ ಮುದುಕಿ ತಪ್ಪಲ್ಲದ ತಪ್ಪಿಗೆ ಅಳುತ್ತಿದ್ದರು. ನನಗೆ ಸಹಿಸಲಾಗಲಿಲ್ಲ.

"ಎಂಥ ಬಿಡಿಸಿದ್ದು ಅಮ್ಮ! ಅವಳು ತಿಂತಿದ್ದಳು ಅವುಗಳನ್ನು. ನನ್ನ ಕಣ್ಣೆದುರೇ ಎರಡು ತಿಂದಳು. ಈ ಮನೆಯಲ್ಲೇ. ಅದಕ್ಕೇ ಚೆಂಬಿಗೆ ಹಾಕಿದ್ದು. ನೀವು ಬಿಟ್ಟದ್ದರಿಂದಲೇ ಇವು ಬದುಕಿದ್ದು." ಒಂದೇ ಉಸಿರಿಗೆ ಹೇಳಿದೆ. "ಶಿರ್ತಾಡಿಯಲ್ಲಿ ಕೋಣೆ ನೋಡಿದ್ದೇವೆ. ಹೋಗಿ ಅಂದ್ರೆ ಹೋಗ್ತೇವೆ."

"ತಾಯಿಯೇ?" ಎಂದರು ಅಮ್ಮ. ಬಟ್ಟೆಯೊಳಗಿನ ಮೀನನ್ನು ಒಮ್ಮೆ ನೋಡಿದರು. ಅದನ್ನು ಕೊಡಪಾನದ ನೀರಿಗೆ ಬಿಟ್ಟು, ಹಗ್ಗ ಹಿಡಿದು ಮೆಲ್ಲಗೆ ಬಾವಿಗೆ ಇಳಿಸಿದರು. ತಳದ ಹಗ್ಗ ಎಳೆದರು. ಬರಿದಾದ ಕೊಡಪಾನವನ್ನು ಮೇಲೆ ಎಳೆದುಕೊಂಡರು.

"ಈಗ ಆ ತಾಯಿಯ ಹೊಟ್ಟೆ ಹೇಗುಂಟು?" ಎಂದು ಕೇಳಿದರು.

"ಪುನಃ ಉಬ್ಬಿದೆ ಅಮ್ಮ."

ಅವರು ಬಟ್ಟೆ ಹಿಂಡಿ ಹೆಗಲಿಗೆ ಹಾಕಿಕೊಂಡರು. "ಹಾಗಾದ್ರೆ ನೀನು ಎಲ್ಲಿಗೂ ಹೋಗ್ಲಿಕ್ಕಿಲ್ಲ. ಅದು ಹೆರುವಾಗ ಒಬ್ಬಳು ಹತ್ತಿರ ಕೂತು ಮರಿ ಎತ್ತಬೇಕು. ನಿನ್ನದಾಗುವಾಗ ನಾನು ಕೂತ್ಕೊಳ್ತೇನೆ."